ಪರವೂರಿನ ಇರುಳು, ಗೆಳೆಯರ ಕೂಟ

ಹುಟ್ಟೂರು ಬಿಟ್ಟು ಬೇರೊಂದು ನಾಡಿನಲ್ಲಿ ನೆಲೆಸಿದವರು ಸಂಜೆಯಾದ ಮೇಲೆ ಒಟ್ಟಿಗೆ ಸೇರಿ, ಉಂಡು ಕುಡಿದು ನಗುತ್ತ ರಾತ್ರಿ ಕಳೆಯುತ್ತಾರೆ. ಆ ರಾತ್ರಿಯಲ್ಲಿ ಬೆಳೆದ ಗೆಳೆತನ ಎಷ್ಟರಮಟ್ಟಿಗೆ ಗೆಳೆತನ? ಈ ಪ್ರಶ್ನೆಗೆ ಹಳೆಯ ಮತ್ತು ಸಾಕಷ್ಟು ಪೂರ್ತಿಯಾದ ಉತ್ತರಗಳು ಗ್ರೀಕ್ ತತ್ತ್ವಶಾಸ್ತ್ರದಲ್ಲಿ ಸಿಗುತ್ತವೆ. ಅದಕ್ಕೆ ಕಾರಣವೂ ಇದೆ. ಅಥೆನ್ಸಿನ ಹೆಸರಿಗೆ ಮೆರುಗು ತಂದ ಚಿಂತಕರಲ್ಲಿ ಹಲವರು ಆ ಊರಿನವರೇ ಅಲ್ಲ. ಅರಿಸ್ಟಾಟಲ್ ಉತ್ತರದ ಸ್ಟಾಗಿರಾದವನು. ಅವನ ಶಿಷ್ಯ ಥಿಯೊಫ್ರಾಸ್ಟಸ್ ಲೆಸ್ಬೋಸ್ ದ್ವೀಪದವನು. ಸ್ಟೋಯಿಕ್ ಪಂಥ ಕಟ್ಟಿದ ಜೀನೋ ಸೈಪ್ರಸ್ಸಿನ ಕಿಟಿಯಂನವನು.

ಹೀಗೆ ಹೊರಗಿನಿಂದ ಬಂದು ನೆಲೆಸಿದವರನ್ನು ಅಥೆನ್ಸಿನ ಕಾನೂನು ಮೆಟಿಕರೆಂದು ಕರೆಯುತ್ತಿತ್ತು. ಗಂಡಸಾದರೆ ವರ್ಷಕ್ಕೆ 12 ದ್ರಾಕ್ಮಾ, ಸ್ವತಂತ್ರವಾಗಿ ಬದುಕುವ ಹೆಂಗಸಾದರೆ 6 ದ್ರಾಕ್ಮಾ ತಲೆಗಂದಾಯ. ಜಾಮೀನಿನಂತೆ ಊರಿನ ಪೌರನೊಬ್ಬ ಬೆನ್ನಿಗಿರಬೇಕು. ವಿಶೇಷ ಅನುಮತಿಯಿಲ್ಲದೆ ಮನೆಯನ್ನಾಗಲಿ ಜಮೀನನ್ನಾಗಲಿ ಕೊಳ್ಳುವಂತಿಲ್ಲ. ಜನಸಭೆಯಲ್ಲಿ ಮಾತಿಲ್ಲ, ಮತವಿಲ್ಲ. ಯುದ್ಧ ಬಂದರೆ ಮಾತ್ರ ಆಯುಧ ಹಿಡಿಯಬೇಕು. ಪೌರನಿಗೆ ಕುಲದ ಬಲಿಪೀಠ, ತನ್ನ ಗ್ರಾಮದ ಪಟ್ಟಿ, ಸಭೆ, ನ್ಯಾಯಾಲಯ ಎಲ್ಲವೂ ಇದ್ದವು. ಮೆಟಿಕನಿಗೆ ಹಗಲಿನಲ್ಲಿ ಸಂತೆ, ಇರುಳಿನಲ್ಲಿ ಗೆಳೆಯನ ಊಟದ ಕೋಣೆ. ಅಲ್ಲಿ ಮಾತ್ರ ಅವನು ಪೌರನ ಪಕ್ಕದಲ್ಲೇ ಒರಗಿ, ಅದೇ ಕೊಪ್ಪರಿಗೆಯ ದ್ರಾಕ್ಷಾರಸ ಕುಡಿಯಬಹುದಿತ್ತು.

ಈ ಕೂಟಕ್ಕೆ ಸಿಂಪೋಸಿಯಂ ಎಂದು ಹೆಸರು. ಊಟ ಮುಗಿದು ಎಲೆಯೆತ್ತಿದ ಮೇಲೆ ಶುರುವಾಗುವ ಪಾನಗೋಷ್ಠಿ ಅದು. ಗಂಡಸರ ಕೋಣೆಯ ಗೋಡೆಗುಂಟ ಸಾಮಾನ್ಯವಾಗಿ ಏಳು ಇಲ್ಲವೆ ಹನ್ನೊಂದು ಮಂಚ; ಅತಿಥಿಗಳು ಎಡ ಮೊಣಕೈ ಊರಿ ಒರಗುತ್ತಿದ್ದರು. ದ್ರಾಕ್ಷಾರಸವನ್ನು ನೀರು ಬೆರೆಸದೆ ಕುಡಿಯುವುದು ಅನಾಗರಿಕರ ಚಾಳಿ ಎಂಬ ನಂಬಿಕೆಯಿದ್ದುದರಿಂದ ದೊಡ್ಡ ಕೊಪ್ಪರಿಗೆಯಲ್ಲಿ ನೀರು ಹೆಚ್ಚಾಗಿ, ರಸ ಕಡಿಮೆಯಾಗಿ ಬೆರೆಸುತ್ತಿದ್ದರು. ಎಷ್ಟು ಬೆರೆಸಬೇಕು, ಎಷ್ಟು ಬಟ್ಟಲು ಸುತ್ತಬೇಕು ಎಂಬುದನ್ನು ಅಂದಿನ ಮಟ್ಟಿಗೆ ಆರಿಸಿದ ಯಜಮಾನ ಗೊತ್ತುಮಾಡುತ್ತಿದ್ದ. ಮೊದಲ ತೊಟ್ಟು ದೇವರಿಗೆ. ಜ್ಯೂಸ್ ಮೊದಲಾದ ಒಲಿಂಪಸ್ಸಿನ ದೇವತೆಗಳಿಗೆ, ವೀರರಿಗೆ, ಕೊನೆಗೆ ಕಾಪಾಡುವ ಜ್ಯೂಸ್‌ಗೆ ರಸವನ್ನು ಧಾರೆಯೆರೆದು, ಸ್ತುತಿ ಹಾಡಿದ ಮೇಲೆಯೇ ಹರಟೆ, ಹಾಡು, ಬಟ್ಟಲಿನ ತಳದ ಗಸಿಯನ್ನು ಗುರಿಯಿಟ್ಟು ಚಿಮ್ಮುವ ಆಟ. ಪೂಜೆಗೂ ಮೋಜಿಗೂ ನಡುವೆ ಇಲ್ಲಿ ಗೆರೆಯೇ ಇರಲಿಲ್ಲ. ಕುಡಿತದ ದೇವರು ಡಯೊನೈಸಸ್ ಕೋಣೆಯಲ್ಲಿ ಹಾಜರಿದ್ದಾನೆಂದೇ ಭಾವನೆ. ಆದರೆ ಈ ಸಮಾನತೆಯ ಚಿತ್ರಕ್ಕೆ ಒಂದು ತಿದ್ದುಪಡಿ ಬೇಕು. ಮನೆಯೊಡತಿ ಅಲ್ಲಿರುತ್ತಿರಲಿಲ್ಲ. ಕೊಳಲು ಊದುವ, ಕುಣಿಯುವ ಹುಡುಗಿಯರು ಕೂಲಿಗೆ ಬಂದವರು, ಅನೇಕರು ಪರದೇಶದಿಂದ ತಂದ ಗುಲಾಮರು. ಪರವೂರಿನ ಅದೇ ರಾತ್ರಿ ಅವರ ಪಾಲಿಗೆ ದುಡಿಮೆ.

ಪ್ಲೇಟೋನ ‘ರಿಪಬ್ಲಿಕ್’ ಶುರುವಾಗುವುದು ಇಂಥದೊಂದು ರಾತ್ರಿಯ ಆಸೆಯಿಂದ. ಸಾಕ್ರಟೀಸ್ ಬಂದರು ಪಟ್ಟಣವಾದ ಪಿರಯಸ್‌ಗೆ ಇಳಿದು ಬಂದಿರುತ್ತಾನೆ. ಅಲ್ಲಿ ಥ್ರೇಸಿನ ದೇವತೆ ಬೆಂಡಿಸ್‌ಳ ಹಬ್ಬ ಮೊದಲ ಸಲ ನಡೆಯುತ್ತಿದೆ. ವಲಸೆ ಬಂದವರ ದೇವತೆ ಊರಿನ ದೇವತೆಯಾಗುತ್ತಿರುವ ಗಳಿಗೆ ಅದು. ಊರವರದೊಂದು ಮೆರವಣಿಗೆ, ಥ್ರೇಸಿನವರದೊಂದು, ಎರಡೂ ಚೆನ್ನಾಗಿದ್ದವೆಂದು ಸಾಕ್ರಟೀಸ್ ಮೆಚ್ಚಿಕೊಳ್ಳುತ್ತಾನೆ. ಹಿಂತಿರುಗಿ ಹೊರಟವನನ್ನು ಪೊಲೆಮಾರ್ಕಸ್ ತಡೆಯುತ್ತಾನೆ. ಸಂಜೆ ಕುದುರೆಯ ಮೇಲೆ ಪಂಜಿನ ಓಟ, ಊಟವಾದ ಮೇಲೆ ರಾತ್ರಿಯಿಡೀ ಜಾಗರಣೆಯ ಹಬ್ಬ, ಹರಟೆಗೆ ಹುಡುಗರ ದಂಡು ಎಂದೆಲ್ಲ ಅವನೂ ಜೊತೆಯವರೂ ಆಸೆ ಹುಟ್ಟಿಸಿ ಮನೆಗೆ ಕರೆದೊಯ್ಯುತ್ತಾರೆ. ಆದರೆ ಪಂಜಿನ ಓಟವನ್ನು ಯಾರೂ ನೋಡುವುದಿಲ್ಲ, ಊಟದ ಸುದ್ದಿಯೂ ಮತ್ತೆ ಬರುವುದಿಲ್ಲ. ನ್ಯಾಯವೆಂದರೇನು ಎಂದು ಎದ್ದ ಮಾತು ಹತ್ತು ಭಾಗಗಳ ಗ್ರಂಥವಾಗಿ ಬೆಳೆಯುತ್ತದೆ. ಹಬ್ಬಕ್ಕೆಂದು ಹೊರಟು ಇಷ್ಟು ದೂರ ಹೋದ ಗೆಳೆಯರ ಗುಂಪು ಬಹುಶಃ ಇನ್ನೊಂದಿಲ್ಲ.

ಆ ಮನೆ ಮೆಟಿಕರದು. ಪೊಲೆಮಾರ್ಕಸ್‌ನ ತಂದೆ ಸೆಫಾಲಸ್ ಸಿಸಿಲಿಯ ಸಿರಾಕ್ಯೂಸಿನಿಂದ ಅಥೆನ್ಸಿನ ನಾಯಕ ಪೆರಿಕ್ಲಿಸ್‌ನ ಮಾತಿಗೆ ಒಪ್ಪಿ ಬಂದು, ಮೂವತ್ತು ವರ್ಷ ಅಥೆನ್ಸಿನ ನೆಲದಲ್ಲಿ ಬಾಳಿದವನು. ಮನೆತನಕ್ಕೆ ಗುರಾಣಿ ಮಾಡಿಸುವ ಕಾರ್ಖಾನೆಯಿತ್ತು. ಕ್ರಿ.ಪೂ. 404ರಲ್ಲಿ ಅಧಿಕಾರ ಹಿಡಿದ ಮೂವತ್ತು ಮಂದಿ ನಿರಂಕುಶರು ಹಣಕ್ಕಾಗಿ ಶ್ರೀಮಂತ ಮೆಟಿಕರನ್ನು ಹಿಡಿದರು. ಪೊಲೆಮಾರ್ಕಸ್‌ಗೆ ವಿಚಾರಣೆಯಿಲ್ಲದೆ ವಿಷ ಕುಡಿಸಿದರು. ತಪ್ಪಿಸಿಕೊಂಡ ತಮ್ಮ ಲಿಸಿಯಾಸ್ ಮುಂದೆ ಹೆಸರಾಂತ ಭಾಷಣಕಾರನಾಗಿ ಈ ಕೊಲೆಯ ಕುರಿತು ನ್ಯಾಯಾಲಯದಲ್ಲಿ ಮಾತಾಡಿದ. ಮೂರು ಮನೆಗಳಿದ್ದ ಕುಟುಂಬದವನ ಹೆಣವನ್ನು ಬಾಡಿಗೆಯ ಗುಡಿಸಲಲ್ಲಿ ಮಲಗಿಸಬೇಕಾಯಿತು. ಹೊದಿಸಲು ಮನೆಯಿಂದ ಒಂದು ಬಟ್ಟೆಯನ್ನೂ ಅಧಿಕಾರಿಗಳು ಬಿಟ್ಟುಕೊಡಲಿಲ್ಲ. ಗೆಳೆಯರೇ ಒಬ್ಬ ಹೊದಿಕೆ, ಒಬ್ಬ ತಲೆದಿಂಬು ಎಂದು ತಮ್ಮಲ್ಲಿದ್ದುದನ್ನು ತಂದರು ಎಂದು ಅವನು ಹೇಳುತ್ತಾನೆ. ಆ ಗೆಳೆಯರು ಯಾರೆಂದು ಅವನು ಹೆಸರಿಸಿಲ್ಲ. ನ್ಯಾಯದ ಬಗ್ಗೆ ಮಾತು ನಡೆಯಲೆಂದು ಪ್ಲೇಟೋ ಈ ಮನೆಯನ್ನೇ ಆರಿಸಿಕೊಂಡದ್ದು ಆಕಸ್ಮಿಕವೆಂದು ನಂಬುವುದು ಕಷ್ಟ.

ಅರಿಸ್ಟಾಟಲ್ 17ರ ವಯಸ್ಸಿನಲ್ಲಿ, ಕ್ರಿ.ಪೂ. 367ರಲ್ಲಿ, ಅಥೆನ್ಸಿಗೆ ಬಂದವನು. 347ರಲ್ಲಿ ಬಿಟ್ಟು, 335ರಲ್ಲಿ ಮರಳಿ, 323ರಲ್ಲಿ ಮತ್ತೆ ಬಿಟ್ಟು, ಮರುವರ್ಷ ಕಾಲ್ಕಿಸ್‌ನಲ್ಲಿ ತೀರಿಕೊಂಡ. ಅವನ ‘ನಿಕೊಮೇಕಿಯನ್ ಎಥಿಕ್ಸ್’ ಗ್ರಂಥದ ಹತ್ತು ಭಾಗಗಳಲ್ಲಿ ಎರಡು ಪೂರ್ತಿ ಗೆಳೆತನಕ್ಕೇ ಮೀಸಲು. ನ್ಯಾಯಕ್ಕೆ ಕೊಟ್ಟದ್ದು ಒಂದೇ ಭಾಗ. ಗೆಳೆತನ ಮೂರು ಬಗೆ ಎನ್ನುತ್ತಾನೆ: ಪ್ರಯೋಜನಕ್ಕಾಗಿ, ಸುಖಕ್ಕಾಗಿ, ಗುಣಕ್ಕಾಗಿ. ಮೊದಲೆರಡರಲ್ಲಿ ಮೆಚ್ಚುವುದು ಮನುಷ್ಯನನ್ನಲ್ಲ, ಅವನಿಂದ ಸಿಗುವುದನ್ನು. ಅದು ನಿಂತರೆ ನಂಟೂ ನಿಲ್ಲುತ್ತದೆ. ಹರೆಯದವರ ಗೆಳೆತನ ಸುಖದ್ದು, ಒಂದೇ ದಿನದಲ್ಲಿ ಹುಟ್ಟಿ ಸಾಯುವಂಥದ್ದು. ಪರವೂರಿನ ಆತಿಥೇಯನಿಗೂ ಅತಿಥಿಗೂ ನಡುವಿನ ಸ್ನೇಹವನ್ನು ಅವನು ಪ್ರಯೋಜನದ ಸಾಲಿನಲ್ಲಿ ಇಡುತ್ತಾನೆ. ಈ ಲೆಕ್ಕದಲ್ಲಿ ಪರದೇಶದ ಮೋಜಿನ ರಾತ್ರಿಗೆ ಎರಡು ಕಡೆಯಿಂದಲೂ ಕೆಳಗಿನ ಮೆಟ್ಟಿಲೇ ಗತಿ.

ಆದರೆ ಅದೇ ಗ್ರಂಥ ಈ ತೀರ್ಪನ್ನು ಸಡಿಲಿಸುತ್ತದೆ. ಊರೂರು ತಿರುಗುವಾಗ ಮನುಷ್ಯನಿಗೆ ಮನುಷ್ಯ ಎಷ್ಟು ಹತ್ತಿರದವನು, ಎಷ್ಟು ಆಪ್ತ ಎಂಬುದು ಕಾಣುತ್ತದೆ ಎಂದು ಗೆಳೆತನದ ಚರ್ಚೆಯ ಆರಂಭದಲ್ಲೇ ಅವನು ಬರೆಯುತ್ತಾನೆ. ಗುಣದ ಗೆಳೆತನಕ್ಕೂ ಕಾಲ ಬೇಕು, ಒಡನಾಟ ಬೇಕು. ಗಾದೆಯಲ್ಲಿ ಹೇಳುವಷ್ಟು ಉಪ್ಪನ್ನು ಒಟ್ಟಿಗೆ ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದು ಎನ್ನುತ್ತಾನೆ. ಉಪ್ಪಿನ ಋಣ ಬಲ್ಲ ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚರ್ಚೆಯ ಕೊನೆಯಲ್ಲಿ, ಗೆಳೆಯರು ಬಯಸುವುದು ಕೂಡಿ ಬಾಳುವುದನ್ನು, ಅದಕ್ಕೇ ಕೆಲವರು ಕೂಡಿ ಕುಡಿಯುತ್ತಾರೆ, ಕೆಲವರು ದಾಳ ಉರುಳಿಸುತ್ತಾರೆ, ಬೇಟೆಯಾಡುತ್ತಾರೆ, ಇಲ್ಲವೆ ತತ್ತ್ವಚಿಂತನೆ ಮಾಡುತ್ತಾರೆ ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ವಿರಾಮ, ನಗೆ, ಚಾಟು ಮಾತು ಬದುಕಿಗೆ ಬೇಕೇಬೇಕು. ಸಮಯವರಿತು ನಗಿಸಬಲ್ಲವನದು ಸದ್ಗುಣವೇ, ಕೋಡಂಗಿತನ ಮತ್ತು ಒರಟುತನ ಅದರ ಎರಡು ಅಂಚುಗಳು. ಆಟವೇ ಬದುಕಿನ ಗುರಿಯಲ್ಲ ಎನ್ನುವಾಗ ಅವನು ಸಾಕ್ಷಿಗೆ ಕರೆಯುವುದು ಸಿಥಿಯಾದಿಂದ ಗ್ರೀಸಿಗೆ ಬಂದ ಜ್ಞಾನಿಯೆಂದು ಪ್ರಸಿದ್ಧನಾದ ಅನಾಕಾರ್ಸಿಸ್‌ನನ್ನು: ಆಡುವುದು ಮತ್ತೆ ದುಡಿಯಲು ಎಂಬುದು ಆ ಪರದೇಶದವನ ಅಭಿಪ್ರಾಯ. ಗುಣದ ಗೆಳೆಯ ಸಿಗಲು ವರ್ಷಗಟ್ಟಲೆ ಒಡನಾಟ ಬೇಕಾದರೆ, ಬಂಧುಬಳಗವಿಲ್ಲದ ಊರಿನಲ್ಲಿ ಆ ಒಡನಾಟಕ್ಕೆ ಬಾಗಿಲು ಯಾವುದು ಎಂಬುದನ್ನು ಅರಿಸ್ಟಾಟಲ್ ಕೇಳುವುದಿಲ್ಲ. ಹುಟ್ಟಿದೂರಿನಲ್ಲಿ ನೆರೆಹೊರೆ, ಹಬ್ಬ, ಮದುವೆ ಮಾಡಿಕೊಡುವ ಪರಿಚಯವನ್ನು ಪರವೂರಿನಲ್ಲಿ ಸಂಜೆಯ ಕೂಟವೇ ಮಾಡಿಕೊಡಬೇಕು. ಅಲ್ಲಿ ಸುಖದ ಗೆಳೆತನ ಕೆಳಗಿನ ಮೆಟ್ಟಿಲು ನಿಜ, ಹತ್ತಲು ಇರುವುದೂ ಅದೇ ಮೆಟ್ಟಿಲು.

ಕುಡಿತದ ಕೂಟವನ್ನು ನೇರವಾಗಿ ಸಮರ್ಥಿಸಿದವನು, ಅಚ್ಚರಿಯೆಂದರೆ, ಶಿಸ್ತಿಗೆ ಹೆಸರಾದ ಪ್ಲೇಟೋ. ಮುಪ್ಪಿನಲ್ಲಿ ಬರೆದ ‘ಲಾಸ್’ ಸಂವಾದದಲ್ಲಿ ಹೆಸರಿಲ್ಲದ ಅಥೆನ್ಸಿನವನೊಬ್ಬ ಕ್ರೀಟ್ ದ್ವೀಪಕ್ಕೆ ಬಂದಿದ್ದಾನೆ. ಜೊತೆಗೆ ಕ್ರೀಟಿನ ಕ್ಲಿನಿಯಾಸ್, ಸ್ಪಾರ್ಟಾದ ಮೆಗಿಲ್ಲಸ್. ತಮ್ಮೂರಿನಲ್ಲಿ ಇಂಥ ಕೂಟಗಳೇ ಇಲ್ಲ, ಅಥೆನ್ಸಿನಲ್ಲಿ ಬಂಡಿಗಳ ಮೇಲೆ ಕುಡಿದವರನ್ನು ಕಂಡೆ, ಟರೆಂಟಂನಲ್ಲಂತೂ ಹಬ್ಬದ ದಿನ ಊರಿಗೆ ಊರೇ ಅಮಲೇರಿತ್ತು ಎಂದು ಮೆಗಿಲ್ಲಸ್ ಹೀಗಳೆಯುತ್ತಾನೆ. ಇದು ನಮ್ಮೂರ ಪದ್ಧತಿ, ನಿಮ್ಮಲ್ಲಿ ಬೇರೆ ಇದ್ದೀತು ಎಂದು ಹೊರಗಿನವನಿಗೆ ಯಾವ ಊರಿನವರೂ ಉತ್ತರಿಸಬಹುದೆಂದು ಅಥೆನ್ಸಿನವನು ಆ ಟೀಕೆಯನ್ನು ತಳ್ಳಿಹಾಕಿ, ವಾದಕ್ಕೆ ಇಳಿಯುತ್ತಾನೆ. ಒಬ್ಬನ ಸ್ವಭಾವ ಎಂಥದೆಂದು ತಿಳಿಯಲು ಅವನೊಂದಿಗೆ ವ್ಯವಹಾರಕ್ಕಿಳಿದು ಕೈ ಸುಟ್ಟುಕೊಳ್ಳುವುದಕ್ಕಿಂತ ಹಬ್ಬದ ಕೂಟದಲ್ಲಿ ನೋಡುವುದು ಅಗ್ಗ. ಸಂಕೋಚ ಕಳಚಿದಾಗಲೂ ಸಭ್ಯತೆ ಉಳಿಸಿಕೊಳ್ಳುವ ಅಭ್ಯಾಸ ಅಲ್ಲಿಯೇ ಆಗಬೇಕು. ನಿಯಮಗಳೂ ಇವೆ: ಹದಿನೆಂಟರೊಳಗೆ ಮುಟ್ಟಲೇಬಾರದು, ಮೂವತ್ತರವರೆಗೆ ಮಿತವಾಗಿ, ನಲವತ್ತರ ಮೇಲೆ ಡಯೊನೈಸಸ್‌ನನ್ನು ಕರೆಯಲು ಅಡ್ಡಿಯಿಲ್ಲ, ಕೂಟದ ಯಜಮಾನ ಮಾತ್ರ ಕುಡಿಯದವನಾಗಿರಬೇಕು. ರಾತ್ರಿ ಗೆಳೆಯರನ್ನು ಮನೆ ಮುಟ್ಟಿಸಲು ಒಬ್ಬ ಕುಡಿಯದೆ ಇರುವ ಇಂದಿನ ಏರ್ಪಾಡು ಈ ನಿಯಮಕ್ಕೆ ತೀರ ದೂರವಲ್ಲ.

ಜೀನೋ ಕ್ರಿ.ಪೂ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಥೆನ್ಸಿಗೆ ಬಂದವನು. ಹಡಗು ಒಡೆದು ಬಂದನೆಂದು ಕಥೆ. ಬಿಗಿಮೊಗದ, ಸಾದಾ ಬದುಕಿನ ಈ ಮನುಷ್ಯ ಕೂಟಗಳಲ್ಲಿ ಮಾತ್ರ ಸಡಿಲಾಗುತ್ತಿದ್ದನಂತೆ. ಕಾರಣ ಕೇಳಿದವರಿಗೆ, ಕಹಿಯಾದ ಲೂಪಿನ್ ಕಾಳು ಕೂಡ ನೆನೆದರೆ ಸಿಹಿಯಾಗುತ್ತದೆ ಎಂದನೆಂದು ಡಯೊಜಿನಿಸ್ ಲೇರ್ಷಿಯಸ್ ದಾಖಲಿಸಿದ್ದಾನೆ. ಇನ್ನೊಂದು ಕೂಟದಲ್ಲಿ ರಾಜದೂತರೆದುರು ತುಟಿ ಬಿಚ್ಚದೆ ಕುಳಿತು, ಕುಡಿಯುವ ಕಡೆ ಬಾಯಿ ಮುಚ್ಚಿಕೊಂಡಿರಬಲ್ಲವನೊಬ್ಬ ಅಥೆನ್ಸಿನಲ್ಲಿದ್ದಾನೆಂದು ನಿಮ್ಮ ದೊರೆಗೆ ತಿಳಿಸಿ ಎಂದನಂತೆ. ಜಗತ್ತೆಲ್ಲ ಒಂದೇ ನಗರ ಎಂಬ ವಿಚಾರವನ್ನು ಬೆಳೆಸಿದ ಪಂಥದ ಈ ಮೂಲಪುರುಷ ಅಥೆನ್ಸಿನ ಪೌರತ್ವವನ್ನು ಬೇಡವೆಂದನೆಂದು ಪ್ಲುಟಾರ್ಕ್ ಬರೆಯುತ್ತಾನೆ. ಹುಟ್ಟಿದೂರಿಗೆ ಅನ್ಯಾಯವಾದೀತೆಂಬ ಅಳುಕು ಅದಕ್ಕೆ ಕಾರಣ. ಗೆಳೆಯರ ಮಂಚದಲ್ಲಿ ಜಾಗವಿದ್ದರೆ ಸಾಕು, ಪಟ್ಟಿಯಲ್ಲಿ ಹೆಸರು ಬೇಕಿಲ್ಲ ಎಂಬುದೂ ಒಂದು ನಿಲುವೇ.

ಎಪಿಕ್ಯೂರಸ್ ಈ ರಾತ್ರಿಯನ್ನು ತನ್ನ ಪಂಥದ ಆಚರಣೆಯನ್ನಾಗಿಯೇ ಮಾಡಿದ. ಅಥೆನ್ಸಿನ ಪೌರನಾದರೂ ಅವನು ಬೆಳೆದದ್ದು ಸ್ಯಾಮೋಸ್ ದ್ವೀಪದಲ್ಲಿ. ‘ತೋಟ’ ಎಂದೇ ಕರೆಯುವ ಅವನ ಶಾಲೆಯಲ್ಲಿ ಮೆಟ್ರೊಡೋರಸ್‌ನಂಥ ಲ್ಯಾಂಪ್ಸಕಸ್ಸಿನ ಗೆಳೆಯರಿದ್ದರು, ಹೆಂಗಸರೂ ಗುಲಾಮರೂ ಇದ್ದರು. ಸುಖವೇ ಗುರಿ ಎಂದವನು ನಿಲ್ಲದ ಕುಡಿತ, ಮೆರವಣಿಗೆಯಿಂದ ಸುಖ ಬಾರದು ಎಂದೂ ಹೇಳಿದ. ಏನು ತಿನ್ನಬೇಕೆನ್ನುವುದಕ್ಕಿಂತ ಮೊದಲು ಯಾರೊಡನೆ ಎಂದು ನೋಡಿಕೊಳ್ಳಬೇಕೆಂಬ ಅವನ ಸಲಹೆಯನ್ನು ಸೆನೆಕಾ ಉಳಿಸಿದ್ದಾನೆ. ತನ್ನ ಮತ್ತು ಮೆಟ್ರೊಡೋರಸ್‌ನ ನೆನಪಿಗೆ ಪ್ರತಿ ತಿಂಗಳ 20ರಂದು ಒಡನಾಡಿಗಳು ಕೂಡಬೇಕೆಂದು ಉಯಿಲಿನಲ್ಲಿ ಬರೆದಿಟ್ಟ. ಆ ಕಟ್ಟಳೆ ಅಥೆನ್ಸನ್ನು ದಾಟಿ ಹೋಯಿತು. ಇಂದಿನ ಜೋರ್ಡಾನಿನ ಗಡಾರಾದಲ್ಲಿ ಹುಟ್ಟಿ, ಅಥೆನ್ಸಿನಲ್ಲಿ ಕಲಿತು, ಇಟಲಿಯಲ್ಲಿ ನೆಲೆಸಿದ ಫಿಲೊಡಿಮಸ್ ಕ್ರಿ.ಪೂ. ಒಂದನೆಯ ಶತಮಾನದಲ್ಲಿ ತನ್ನ ರೋಮನ್ ಆಶ್ರಯದಾತ ಪೀಸೋನನ್ನು ಇಪ್ಪತ್ತರ ಊಟಕ್ಕೆ ಕರೆದು ಪದ್ಯವೊಂದನ್ನು ಬರೆದ. ದುಬಾರಿ ತಿನಿಸಾಗಲಿ ಒಳ್ಳೆಯ ದ್ರಾಕ್ಷಾರಸವಾಗಲಿ ಸಿಗದು, ನಿಜವಾದ ಗೆಳೆಯರು ಸಿಗುತ್ತಾರೆ ಎಂಬುದು ಆ ಆಮಂತ್ರಣದ ಸಾರ.