ಇಂದಿನ ಧಮ್ಮ ಚಿಂತನೆ: ಒದ್ದೆ ಬಟ್ಟೆ ಮತ್ತು ತಾರಸಿಯ ಬೀಗದ ಕೈ





ವರ್ಷಾವಾಸ ನಡೆಯುತ್ತಿದೆ. ಕಳೆದ ಭಾನುವಾರ ಬುದ್ಧ ವಂದನೆ ಮುಗಿದ ಮೇಲೆ ನಮ್ಮ ಬಳಗದ ಅಕ್ಕ ಒಬ್ಬರು ಕೇಳಿದರು: "ಬಟ್ಟೆ ಒಣಗಿಸೋ ಡ್ರೈಯರ್ ತಗೋಬೇಕು ಅಂತಿದ್ದೀನಿ. ಕರೆಂಟ್ ಕಡಿಮೆ ತಿನ್ನೋದು ಯಾವುದು? ಮತ್ತೆ, ಇದು ಅಗತ್ಯಾನಾ, ತಣ್ಹಾನಾ?" ಒಂದಿಬ್ಬರು ನಕ್ಕರು. ಅಕ್ಕ ನಗಲಿಲ್ಲ.

ಅವರದು ಶಿವಮೊಗ್ಗದಲ್ಲಿ ಬಾಡಿಗೆ ಮನೆ. ಆಸ್ಪತ್ರೆ ಕೆಲಸ, ದಿನವೂ ಯೂನಿಫಾರಂ ಒಗೆಯಲೇಬೇಕು. ಮಳೆಗಾಲದಲ್ಲಿ ಬಟ್ಟೆಯೆಲ್ಲ ಒಳಗೇ ಹಗ್ಗದ ಮೇಲೆ. ಗೋಡೆಗೆ ಬೂಷ್ಟು ಹಿಡಿದಿದೆ, ಚಿಕ್ಕ ಮಗನಿಗೆ ರಾತ್ರಿಯಾದರೆ ಉಬ್ಬಸ. ಶಾಲೆಗೆ ಹೋಗುವಾಗ ಕಾಲುಚೀಲವನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿ ಹಾಕುವುದು. ಇಷ್ಟು ಕೇಳಿದ ಮೇಲೆ ತಣ್ಹಾದ ಮಾತು ಆಡಲು ಯಾರಿಗೂ ಬಾಯಿ ಬರಲಿಲ್ಲ.

ಆದರೂ ಪ್ರಶ್ನೆ ಒಳ್ಳೆಯದೇ. ಇದಕ್ಕೆ ಹತ್ತಿರದ ಒಂದು ಪ್ರಸಂಗ ವಿನಯ ಪಿಟಕದ ಮಹಾವಗ್ಗದಲ್ಲಿದೆ. ತಥಾಗತರು ರಾಜಗಹದಿಂದ ವೇಸಾಲಿಗೆ ಬರುವ ದಾರಿಯಲ್ಲಿ ಭಿಕ್ಖುಗಳನ್ನು ನೋಡುತ್ತಾರೆ. ತಲೆಯ ಮೇಲೊಂದು ಚೀವರದ ಗಂಟು, ಹೆಗಲ ಮೇಲೊಂದು, ಸೊಂಟದಲ್ಲೊಂದು. ಇದಕ್ಕೊಂದು ಮಿತಿ ಬೇಕು ಅನ್ನಿಸುತ್ತದೆ. ಅವರು ಕೂತಲ್ಲೇ ಒಂದು ಸಂಖ್ಯೆ ಹೇಳಿಬಿಡಲಿಲ್ಲ. ವೇಸಾಲಿಯ ಗೋತಮಕ ಚೇತಿಯದಲ್ಲಿ, ಹಿಮ ಬೀಳುವ ಕಡು ಚಳಿಯ ರಾತ್ರಿ, ಒಂದೇ ಚೀವರ ಹೊದ್ದು ಬಯಲಲ್ಲಿ ಕೂತರು. ಮೊದಲ ಜಾವ ಕಳೆಯುವಾಗ ಚಳಿ ಹತ್ತಿತು, ಎರಡನೆಯದನ್ನು ಹೊದ್ದರು. ನಡು ಜಾವ ಕಳೆದಾಗ ಮೂರನೆಯದು. ಬೆಳಗಿನ ಜಾವಕ್ಕೆ ನಾಲ್ಕನೆಯದು. ಆಮೇಲೆ ನಿಯಮ ಮಾಡಿದರು: ಎರಡು ಪದರದ ಸಂಘಾಟಿ, ಒಂದು ಪದರದ ಉತ್ತರಾಸಂಗ, ಒಂದು ಪದರದ ಅಂತರವಾಸಕ. ಚೀವರ ಮೂರು, ಪದರ ಎಣಿಸಿದರೆ ನಾಲ್ಕು. ರಾತ್ರಿಯ ಅನುಭವಕ್ಕೆ ಸರಿಯಾಗಿ ತಾಳೆಯಾಗುತ್ತದೆ.

ಇನ್ನೊಂದು ಮಾತನ್ನು ಗಮನಿಸಿ. ಸಂಘದಲ್ಲಿ ಚಳಿ ತಡೆಯಲಾರದವರೂ ಇದ್ದಾರೆ, ಅವರಿಗೂ ಮೂರು ಸಾಕಾಗುತ್ತದೆ ಎಂಬುದು ಅವರ ಲೆಕ್ಕ. ಗಟ್ಟಿಮುಟ್ಟಾದವನ ಮೈಯನ್ನು ಅಳತೆಗೋಲು ಮಾಡಲಿಲ್ಲ. ಅಕ್ಕನ ಮನೆಯಲ್ಲಿ ಅಳತೆಗೋಲು ಉಬ್ಬಸದ ಮಗು. "ನಮ್ಮ ಕಾಲದಲ್ಲಿ ಒಲೆ ಮೇಲೆ ಒಣಗಿಸ್ತಿದ್ವಿ" ಎನ್ನುವ ನಮ್ಮಂಥವರು ಅಲ್ಲ.

ಹಾಗಾಗಿ ನಾವೂ ಅಳೆದು ನೋಡೋಣ ಎಂದೆವು. ಅಂಗಡಿಗೆ ಹೋಗುವ ಮೊದಲು ಒಂದು ವಾರ. ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಒಣ ಬಟ್ಟೆ 5 ಕೆಜಿ ಇತ್ತು. ಮೆಷಿನ್ನಿನಿಂದ ಹೊರಗೆ ಬಂದಾಗ 8.5 ಕೆಜಿ. ಅಂದರೆ ಮೂರೂವರೆ ಲೀಟರ್ ನೀರು ಆ ಮನೆಯ ಗಾಳಿಗೆ ಸೇರುತ್ತಿತ್ತು. ಬೂಷ್ಟು ಬೇರೆಲ್ಲಿಂದಲೂ ಬಂದದ್ದಲ್ಲ. ಅದೇ ಬಟ್ಟೆಯನ್ನು ಇನ್ನೊಮ್ಮೆ ಬರೀ ಸ್ಪಿನ್‌ಗೆ ಹಾಕಿದಾಗ 8 ಕೆಜಿಗೆ ಇಳಿಯಿತು.

ಈ ಅರ್ಧ ಲೀಟರ್ ಸಣ್ಣದಲ್ಲ. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 0.65 ಯೂನಿಟ್ ಶಾಖ ಬೇಕು, ಯಾವ ಕಂಪನಿಯ ಮೆಷಿನ್ ಆದರೂ ಪ್ರಕೃತಿ ನಿಯಮ ಅದೇ. ಅದೇ ನೀರನ್ನು ತಿರುಗಿಸಿ ಹಿಂಡಿ ತೆಗೆಯಲು ಅದರ ಚೂರುಪಾರು ವಿದ್ಯುತ್ ಸಾಕು. ನಮ್ಮ ಕಡೆ ಸೆಮಿ ಆಟೋಮ್ಯಾಟಿಕ್ ಮೆಷಿನ್ನಿನ ಪಕ್ಕದ ತೊಟ್ಟಿಯನ್ನೇ "ಡ್ರೈಯರ್" ಅನ್ನುತ್ತೇವಲ್ಲ, ಅದು ಒಣಗಿಸುವುದಿಲ್ಲ, ಹಿಂಡುತ್ತದೆ. ಆದರೆ ಆ ಹೆಸರಿಗೆ ಅದು ಪೂರ್ತಿ ಅನರ್ಹವೂ ಅಲ್ಲ!

ಇನ್ನು ನಿಜವಾದ ಡ್ರೈಯರ್. ಹಳೆಯ ಬಗೆಯದು ಕಾಯಿಲಿನಿಂದ ಗಾಳಿ ಕಾಯಿಸಿ, ಬಟ್ಟೆಗೆ ಹಾಯಿಸಿ, ಆ ಬಿಸಿ ಹಬೆಯನ್ನು ಹೊರಗೆ ಬಿಡುತ್ತದೆ. ಕೊಳವೆಯನ್ನು ಕಿಟಕಿಯಾಚೆ ಇಡದಿದ್ದರೆ ಅದೇ ತೇವ ಮತ್ತೆ ಮನೆಗೇ. ಹೀಟ್ ಪಂಪ್ ಬಗೆಯದು ಫ್ರಿಜ್‌ನ ಹಾಗೆ ಕಂಪ್ರೆಸರ್ ಇರುವಂಥದ್ದು. ಹಬೆಯನ್ನು ತಂಪು ಮಾಡಿ ನೀರಾಗಿಸಿ, ಅದರಲ್ಲಿದ್ದ ಶಾಖವನ್ನು ಹಿಡಿದು ಮತ್ತೆ ಅದೇ ಗಾಳಿಗೆ ಕೊಡುತ್ತದೆ. ಆದ್ದರಿಂದ ಹಳೆಯದರ ಅರ್ಧದಷ್ಟು ಅಥವಾ ಇನ್ನೂ ಕಡಿಮೆ ವಿದ್ಯುತ್. ಶಾಖ ಕಡಿಮೆ, ಬಟ್ಟೆ ಬಾಳುತ್ತದೆ, ಸಮಯ ಮಾತ್ರ ಹೆಚ್ಚು. ಬೆಲೆಯೂ ಹೆಚ್ಚು. ಕೊಳ್ಳುವವರು ತೇವ ಗುರುತಿಸಿ ತಾನೇ ನಿಲ್ಲುವ ಸೆನ್ಸರ್ ಇದೆಯೇ ಕೇಳಿ, ಬರೀ ಟೈಮರ್ ಇದ್ದರೆ ಒಣಗಿದ ಬಟ್ಟೆಯನ್ನೇ ಕಾಯಿಸುತ್ತಿರುತ್ತದೆ. ಒಗೆಯುವುದೂ ಒಣಗಿಸುವುದೂ ಒಂದರಲ್ಲೇ ಇರುವ ಮೆಷಿನ್ನುಗಳಲ್ಲಿ ಸಾಮಾನ್ಯವಾಗಿ ಒಗೆದಷ್ಟನ್ನೂ ಒಂದೇ ಸಲ ಒಣಗಿಸಲಾಗದು, ಇದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಅಕ್ಕನ ಲೆಕ್ಕ ಹೀಗೆ ಬಂತು. ವಾರಕ್ಕೆ ನಾಲ್ಕು ಸಲ, ತಿಂಗಳಿಗೆ ಹದಿನೇಳು. ಹಳೆಯ ಬಗೆಯದಾದರೆ ತಿಂಗಳಿಗೆ ಸುಮಾರು 50 ಯೂನಿಟ್, ಹೀಟ್ ಪಂಪ್ ಆದರೆ 20ರಿಂದ 25. ಅವರ ಮನೆಯ ಬಳಕೆ ಈಗ 165ರ ಆಸುಪಾಸು. ಗೃಹಜ್ಯೋತಿಯಲ್ಲಿ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು, ದಾಟದಿದ್ದರೂ ತಮ್ಮ ಸರಾಸರಿಯ ಮಿತಿಗಿಂತ ಹೆಚ್ಚಾದದ್ದಕ್ಕೆ ಕಟ್ಟಬೇಕು. ಕಡಿಮೆ ಬೆಲೆಗೆ ಸಿಗುತ್ತದೆಂದು ಹಳೆಯ ಬಗೆಯದನ್ನು ತಂದಿದ್ದರೆ ಮೊದಲ ತಿಂಗಳೇ ಗೊತ್ತಾಗುತ್ತಿತ್ತು. ಕೋಲಿಯ ಕುಲದ ದೀಘಜಾಣು ಎಂಬ ಗೃಹಸ್ಥನಿಗೆ ಭಗವಾನರು ಹೇಳಿದ ಸಮಜೀವಿತಾ ಇದೇ: ಬಂದದ್ದನ್ನೂ ಹೋಗುವುದನ್ನೂ ತಕ್ಕಡಿ ಹಿಡಿದವನಂತೆ ತೂಗಿ ಬದುಕುವುದು. ಅತಿ ಖರ್ಚೂ ಬೇಡ, ಇದ್ದೂ ಉಪವಾಸವೂ ಬೇಡ.

ಇಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಬಳಗದ ಹಿರಿಯರೊಬ್ಬರು ಕೇಳಿದರು: "ಯಾಕಮ್ಮ, ಶಿವಮೊಗ್ಗದಲ್ಲಿ ಮಳೆ ನಡುವೆ ಬಿಸಿಲೂ ಬರುತ್ತಲ್ಲ. ತಾರಸಿ ಇಲ್ವಾ?"

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ತಾರಸಿ ಇದೆ. ಮೇಲೆ ತಗಡಿನ ಚಪ್ಪರವೂ ಇದೆ. ಪಕ್ಕದ ಬಾಡಿಗೆಯವರು ಅಲ್ಲೇ ಒಣಗಿಸುತ್ತಾರೆ. ಇವರೂ ಮೊದಲೆರಡು ತಿಂಗಳು ಒಣಗಿಸಿದ್ದರು. ಹಾಲ್‌ನಲ್ಲಿ ಬಾಬಾಸಾಹೇಬರ ಫೋಟೋ ಹಾಕಿದ ಮೇಲೆ ಮಾಲೀಕರು ಬೀಗದ ಕೈ ವಾಪಸ್ ಕೇಳಿದರು. ಹೇಳಿದ ಕಾರಣ, "ಮೇಲೆ ನೀರಿನ ಟ್ಯಾಂಕ್ ಇದೆ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನೀರಿನ ಟ್ಯಾಂಕ್ ಎಂದಾಗ ನಮಗೆ ಬೇರೆ ಯಾವ ಕೆರೆ ನೆನಪಾದೀತು? 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆ. ಆ ನೀರು ಕುಡಿಯದೆ ಇಷ್ಟು ಕಾಲ ನಾವೇನು ಸತ್ತಿಲ್ಲ, ನಾವೂ ಮನುಷ್ಯರೇ ಎಂದು ಸ್ಥಾಪಿಸಲು ಹೋಗುತ್ತಿದ್ದೇವೆ ಎಂಬ ಅರ್ಥದಲ್ಲಿ ಬಾಬಾಸಾಹೇಬರು ಅದೇ ವರ್ಷ ಡಿಸೆಂಬರಿನಲ್ಲಿ ಮಾತಾಡಿದರು. ಚಾಂಡಾಲರಿಗೆ ಸತ್ತವರ ಬಟ್ಟೆಯೇ ಉಡುಗೆ ಎಂದು ವಿಧಿಸಿದ ಮನುಸ್ಮೃತಿಯನ್ನು ಸುಟ್ಟದ್ದು ಆಗಲೇ, ಡಿಸೆಂಬರ್ 25ರಂದು. ಅಲ್ಲಿ ಸೇರಿದ್ದ ಹೆಣ್ಣುಮಕ್ಕಳಿಗೆ, ಅಸ್ಪೃಶ್ಯರೆಂದು ಗುರುತು ಹೇಳುವ ಉಡುಗೆ ತೊಡುಗೆಯ ರೀತಿ ಬಿಡಿ, ಶುಚಿಯಾಗಿರಿ ಎಂದೂ ಅವರು ಹೇಳಿದರು. ನಮ್ಮ ಹಿರಿಯರಿಗೆ ಅಗಸರ ಕಟ್ಟೆಯಲ್ಲೂ ಜಾಗವಿರಲಿಲ್ಲ. ಒಗೆದ ಬಟ್ಟೆ ಎಂಬುದು ನಮಗೆ ಸುಮ್ಮನೆ ಬಂದದ್ದಲ್ಲ.

ಅಕ್ಕ ಕೊನೆಗೆ ಹೇಳಿದ್ದು ಇದು: "ಡ್ರೈಯರ್ ತಂದರೆ ಆ ಕೀ ಕೇಳೋ ಕಷ್ಟ ತಪ್ಪುತ್ತೆ ಅಂತ ಅಂದ್ಕೊಂಡೆ."

ಆಗ ನಮಗೆ ತಿಳಿಯಿತು, ನಾವು ಒಂದೆಂದುಕೊಂಡದ್ದು ಎರಡು ಪ್ರಶ್ನೆ. ಮಗುವಿನ ಉಸಿರಿಗೆ ಡ್ರೈಯರ್ ಬೇಕಾದರೆ ತರಲಿ, ಅದರಲ್ಲಿ ದೋಷವಿಲ್ಲ. ಭಯಕ್ಕೆ ಬದಲಾಗಿ ತಂದರೆ ಅದು ತಣ್ಹಾ ಅಲ್ಲದಿದ್ದರೂ ನಮ್ಮ ದುಡ್ಡಿನಿಂದ ಅವರ ಬೀಗವನ್ನು ಗಟ್ಟಿ ಮಾಡಿದಂತೆ. ನನ್ನ ಅಭಿಪ್ರಾಯ ಇದು, ಬಳಗದಲ್ಲಿ ಎಲ್ಲರೂ ಒಪ್ಪಲಿಲ್ಲ. "ಮನೆ ಬಿಡಿಸಿದರೆ ಮಳೇಲಿ ಅವರನ್ನ ಇಟ್ಟುಕೊಳ್ಳೋರು ಯಾರು?" ಎಂದು ಒಬ್ಬ ತಂಗಿ ಕೇಳಿದಳು. ಅದಕ್ಕೆ ನನ್ನ ಹತ್ತಿರ ಬಾಯಿಮಾತಿನ ಉತ್ತರವಿರಲಿಲ್ಲ. ಹಾಗಾಗಿ ಇಬ್ಬರು ತಮ್ಮ ಬೀದಿಯಲ್ಲಿ ಮನೆ ಖಾಲಿ ಇದೆಯೇ ಎಂದು ವಿಚಾರಿಸಲು ಒಪ್ಪಿದ್ದಾರೆ.

ಸದ್ಯಕ್ಕೆ ಅಕ್ಕ ಎರಡು ಸಲ ಸ್ಪಿನ್ ಮಾಡಿ, ಬಟ್ಟೆಗಳನ್ನು ಹ್ಯಾಂಗರಿಗೆ ಹಾಕಿ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು, ಹಾಲ್‌ನಲ್ಲಿ ಕಿಟಕಿ ತೆರೆದು ರಾತ್ರಿ ಫ್ಯಾನ್ ಹಾಕುತ್ತಿದ್ದಾರೆ. ಮಗು ಮಲಗುವ ಕೋಣೆಯಲ್ಲಿ ಒಂದೂ ಬಟ್ಟೆ ಇಲ್ಲ. ಬಿಎಲ್‌ಡಿಸಿ ಫ್ಯಾನ್ ಆದ್ದರಿಂದ ಎಂಟು ಗಂಟೆಗೆ ಕಾಲು ಯೂನಿಟ್ ಸುಮಾರು. ಜಡಿಮಳೆಯ ದಿನ ಅದೂ ಸಾಲದು. ಹೀಟ್ ಪಂಪ್ ಡ್ರೈಯರಿಗೆ ದೀಪಾವಳಿವರೆಗೆ ದುಡ್ಡು ಕೂಡಿಡುತ್ತಾರಂತೆ.

ಬರುವ ಭಾನುವಾರ ವಂದನೆಯ ನಂತರ ಅಕ್ಕ ಮಾಲೀಕರ ಮನೆಗೆ ಹೋಗಿ ಬೀಗದ ಕೈ ಕೇಳುತ್ತಾರೆ. ಜೊತೆಗೆ ನಾವು ಮೂವರು ಹೋಗುತ್ತೇವೆ. ಜಗಳಕ್ಕಲ್ಲ, ಸಮ್ಮಾ ವಾಚಾದಿಂದಲೇ ಕೇಳುವುದು. ಬರಲು ಮನಸ್ಸಿರುವವರು ಬೆಳಿಗ್ಗೆ ಹತ್ತಕ್ಕೆ ವಿಹಾರದ ಹತ್ತಿರ ಸೇರಿ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.