ಆರಂಭ ಶಿಲ್ಕು

2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ತಂಡವು ನ್ಯೂಜಿಲೆಂಡ್ ಎದುರು ಕೇವಲ 46 ರನ್ನುಗಳಿಗೆ ಕುಸಿದ ದಿನ, ಶಹಾಪುರದ ನಮ್ಮ ಅಂಗಡಿಯ ಕಟ್ಟೆಯ ಮೇಲೆ ದೊಡ್ಡ ಪಂಚಾಯಿತಿಯೇ ನಡೆಯಿತು. ಲೆಕ್ಕ ಬರೆಯುವ ಹುಡುಗನು, “ಕಾಕಾ, ದ್ರಾವಿಡ್ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ ನೋಡ್ರಿ” ಎಂದನು. ಐದು ತಿಂಗಳ ತರುವಾಯ, 2025ರ ಮಾರ್ಚಿಯಲ್ಲಿ, ದುಬೈಯಲ್ಲಿ ಚಾಂಪಿಯನ್ಸ್ ಟ್ರೋಫಿ ಕೈಸೇರಿದಾಗ ಅದೇ ಹುಡುಗನು, “ಗಂಭೀರ್ ಬಂದ ಮ್ಯಾಲೆ ತಂಡಕ್ಕ ಕಸುವು ಬಂತು. ಹಿಂದಿನವ್ರು ಬರೇ ಸುಮ್ನ ಕೂಡ್ತಿದ್ರು” ಎಂದನು. ಈ ಐದು ತಿಂಗಳಲ್ಲಿ ರಾಹುಲ್ ದ್ರಾವಿಡರು ಭಾರತ ತಂಡದ ಯಾವ ಕೆಲಸದಲ್ಲಿಯೂ ಇರಲಿಲ್ಲ. ಆದರೂ ಅವರು ಮಾಡಿ ಮುಗಿಸಿದ್ದ ಕೆಲಸದ ಬೆಲೆ ನಮ್ಮ ಕಟ್ಟೆಯ ಮೇಲೆ ಒಮ್ಮೆ ಏರಿ ಒಮ್ಮೆ ಇಳಿದಿತ್ತು.

ಪೇಟೆಯಲ್ಲಿ ಧಾರಣೆ ಏರಿಳಿಯುವುದು ಸಹಜ. ಆದರೆ ಮಾರಿ ಪಟ್ಟಿ ಮಾಡಿದ ಮಾಲಿಗೆ ಇಂದಿನ ಧಾರಣೆ ಅನ್ವಯಿಸುವುದಿಲ್ಲ. ಮನುಷ್ಯನ ಮುಗಿದ ಕೆಲಸಕ್ಕೆ ಮಾತ್ರ, ಅವನ ಸ್ಥಾನಕ್ಕೆ ಬಂದವನ ಗೆಲುವು ಸೋಲುಗಳನ್ನು ನೋಡಿ ನಾವು ದಿನಕ್ಕೊಂದು ಬೆಲೆ ಕಟ್ಟುತ್ತೇವೆ. ಇದು ನ್ಯಾಯವೇ ಎಂಬುದು ನನ್ನ ಪ್ರಶ್ನೆ.

ದ್ರಾವಿಡರು 2021ರ ನವೆಂಬರಿನಿಂದ 2024ರ ಜೂನ್‌ವರೆಗೆ ತಂಡದ ಮುಖ್ಯ ತರಬೇತುದಾರರಾಗಿದ್ದರು. 2022ರ ಟಿ-20 ವಿಶ್ವಕಪ್ಪಿನ ಉಪಾಂತ್ಯದಲ್ಲಿ ಇಂಗ್ಲೆಂಡಿನೆದುರು ಹತ್ತು ವಿಕೆಟ್ಟುಗಳ ಸೋಲು. 2023ರ ಜೂನಿನಲ್ಲಿ ಟೆಸ್ಟ್ ಚಾಂಪಿಯನ್‌ಷಿಪ್ಪಿನ ಅಂತಿಮದಲ್ಲಿ ಸೋಲು. ಅದೇ ವರ್ಷದ ವಿಶ್ವಕಪ್ಪಿನಲ್ಲಿ ಸತತ ಹತ್ತು ಗೆಲುವುಗಳ ನಂತರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಸೋಲು. ಅವರ ಮೊದಲ ಕರಾರು ಅಲ್ಲಿಗೇ ಮುಗಿಯುವುದಿತ್ತು. ಅಂದೇ ಮನೆಗೆ ಹೋಗಿದ್ದರೆ ವಿಶ್ವಕಪ್ ಗೆಲ್ಲದ ತರಬೇತುದಾರ ಎಂದು ದಾಖಲಾಗುತ್ತಿತ್ತು. ಕರಾರು ಮುಂದುವರಿಯಿತು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ, ಕೊನೆಯ ಓವರಿನ ಮೊದಲ ಚೆಂಡಿಗೆ ಸೂರ್ಯಕುಮಾರ್ ಯಾದವ್ ಗಡಿಯಂಚಿನಲ್ಲಿ ಕ್ಯಾಚ್ ಹಿಡಿದರು. ಏಳು ರನ್ನುಗಳ ಗೆಲುವಾಯಿತು. ಆ ಕಾಲು ಗಡಿಹಗ್ಗಕ್ಕೆ ತಾಗಿದ್ದರೆ ದ್ರಾವಿಡರ ಎರಡೂವರೆ ವರ್ಷಗಳ ದುಡಿಮೆಯಲ್ಲಿ ಏನು ಕಡಿಮೆಯಾಗುತ್ತಿತ್ತು?

ಇದಕ್ಕಿಂತಲೂ ತೊಡಕಿನ ಲೆಕ್ಕವೊಂದಿದೆ. 2021ರಲ್ಲಿ ರವಿ ಶಾಸ್ತ್ರಿಯವರ ತರಬೇತಿಯ ಭಾರತ ತಂಡವು ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟುಗಳ ನಂತರ 2-1ರಿಂದ ಮುಂದಿತ್ತು. ಐದನೆಯ ಪಂದ್ಯವು ಕೋವಿಡ್ ನಿಮಿತ್ತ ಮುಂದೆ ಹೋಗಿ 2022ರ ಜುಲೈಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆಯಿತು. ಅಷ್ಟರಲ್ಲಿ ಎರಡೂ ಕಡೆ ನಾಯಕರೂ ತರಬೇತುದಾರರೂ ಬದಲಾಗಿದ್ದರು. ಭಾರತವು ಮೊದಲ ಸರದಿಯಲ್ಲಿ 132 ರನ್ನುಗಳ ಮುನ್ನಡೆ ಪಡೆದೂ ಸೋತಿತು. ಇಂಗ್ಲೆಂಡು 378 ರನ್ನುಗಳನ್ನು ಮೂರೇ ವಿಕೆಟ್ಟಿಗೆ ಹೊಡೆಯಿತು. ಸರಣಿ 2-2. ಇದನ್ನು ಯಾರ ಖಾತೆಗೆ ಬರೆಯೋಣ? ನಾಲ್ಕು ಪಂದ್ಯ ಒಬ್ಬರಿಗೆ, ಒಂದು ಮತ್ತೊಬ್ಬರಿಗೆ ಎಂದು ಹಂಚಿದರೆ ಅಂಕಗಣಿತ ಸರಿಹೋಗುತ್ತದೆ, ತೀರ್ಪು ಸರಿಹೋಗುವುದಿಲ್ಲ. ಆರಂಭ ಶಿಲ್ಕನ್ನು ತೋರಿಸದೆ ವರ್ಷದ ಲಾಭ ತೋರಿಸಿದ ಜಮಾ-ಖರ್ಚನ್ನು ಯಾವ ಲೆಕ್ಕ ಪರಿಶೋಧಕನೂ ಒಪ್ಪುವುದಿಲ್ಲ.

ದ್ರಾವಿಡರ ಅಭಿಮಾನಿಗಳಿಗೂ ಇಲ್ಲಿ ಒಂದು ಇಕ್ಕಟ್ಟಿದೆ. ದುಬೈಯ ಗೆಲುವು ಅವರು ಕಟ್ಟಿದ ತಂಡದ್ದೇ ಎನ್ನುವವರು, ಬೆಂಗಳೂರಿನ 46 ರನ್ನುಗಳಲ್ಲಿಯೂ ಅವರ ಪಾಲು ಒಪ್ಪಬೇಕಾಗುತ್ತದೆ. ಆಡಿದವರು ಬಹುಮಟ್ಟಿಗೆ ಅದೇ ಆಟಗಾರರು. ಆಸ್ತಿಗೆ ವಾರಸುದಾರನಾದವನು ಸಾಲಕ್ಕೂ ವಾರಸುದಾರನೇ. ಎಲ್ಲ ಮಗ್ಗುಲುಗಳನ್ನೂ ನೋಡು ಎನ್ನುವ ಅನೇಕಾಂತವನ್ನು ನಮ್ಮಲ್ಲಿ ಕೆಲವರು ತೀರ್ಪನ್ನೇ ಕೊಡದಿರುವ ನೆಪವಾಗಿ ಬಳಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ತೀರ್ಪು ಕೊಡಲೇಬೇಕು, ಆದರೆ ಆ ಮನುಷ್ಯನ ಕೈಗೆ ಅಂದು ಏನು ಬಂದಿತ್ತು, ಅವನು ಏನನ್ನು ಬಿಟ್ಟುಹೋದ ಎಂಬ ಎರಡು ಶಿಲ್ಕುಗಳ ನಡುವೆ.

ಯಾರು ಬಂದರೂ ಬದಲಾಗದ ನಮೂದುಗಳೂ ಇರುತ್ತವೆ. 2018ರಲ್ಲಿ ದ್ರಾವಿಡರ ತರಬೇತಿಯಲ್ಲಿ ಹತ್ತೊಂಬತ್ತರ ಒಳಗಿನವರು ವಿಶ್ವಕಪ್ ಗೆದ್ದಾಗ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಬಹುಮಾನ ಘೋಷಿತವಾಯಿತು. ಅವರು ಈ ಭೇದವನ್ನು ಒಪ್ಪದ ಕಾರಣ ಎಲ್ಲರಿಗೂ 25 ಲಕ್ಷದಂತೆ ಕೊಟ್ಟರೆಂದು ಪತ್ರಿಕೆಗಳಲ್ಲಿ ಓದಿದೆವು. ಆ ತಂಡದಲ್ಲಿದ್ದ ಶುಭಮನ್ ಗಿಲ್ 2025ರಲ್ಲಿ ಭಾರತದ ಟೆಸ್ಟ್ ನಾಯಕರಾದರು.

ಟ್ರಸ್ಟುಗಳಲ್ಲಿ ಹೊಸ ಕಾರ್ಯದರ್ಶಿ ಬಂದೊಡನೆ ಹಳಬರ ಗುಣದೋಷಗಳು ನೆನಪಾಗುವುದನ್ನು ಓದುಗರೂ ಕಂಡಿರಬಹುದು. ಹೆಚ್ಚು ಹೇಳಲಾರೆ, ಏಕೆಂದರೆ ನಾನೂ ಅದೇ ತಪ್ಪು ಮಾಡಿದವನು.

ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ಅಡತಿ ಅಂಗಡಿಯ ಹಳೆಯ ಮುನೀಮರು ವಯಸ್ಸಾಯಿತೆಂದು ಸುರಪುರದ ತಮ್ಮ ಮನೆಗೆ ಹೋದರು. ಅವರ ಜಾಗಕ್ಕೆ ಬಂದ ಯುವಕನು ಮೊದಲ ವರ್ಷವೇ ಯಾದಗಿರಿ ಕಡೆಯ ಹಳ್ಳಿಗಳಿಂದ ಹಳೆಯ ಬಾಕಿಯನ್ನೆಲ್ಲ ವಸೂಲು ಮಾಡಿ ತಂದನು. ದೀಪಾವಳಿಯ ಖಾತೆ ಪೂಜೆಯ ದಿನ ನಾಲ್ಕು ಜನರೆದುರು ನಾನು, “ಇಷ್ಟು ವರ್ಷ ಈ ರೊಕ್ಕ ಎಲ್ಲಿ ಮಲಗಿತ್ತೋ” ಎಂದು ನಕ್ಕೆ. ಮಾತು ಸುರಪುರ ಮುಟ್ಟಿತು. ಮರುವರ್ಷ ಯಾವುದೋ ಕೆಲಸಕ್ಕೆ ಹಳೆಯ ಖಾತೆಗಳನ್ನು ತಿರುವಿದಾಗ ಕಂಡಿತು: ಬರದ ವರ್ಷಗಳಲ್ಲಿ ಮುನೀಮರು ಬಾಕಿಗಾಗಿ ಯಾರನ್ನೂ ಪೀಡಿಸದೆ, ಬೀಜಕ್ಕೆಂದು ಮತ್ತೆ ಕೊಟ್ಟು, ಹೆಸರುಗಳ ಪಕ್ಕದಲ್ಲಿ “ಮಳಿ ಬಂದರ ಕೊಡತಾನ” ಎಂದು ಬರೆದಿದ್ದರು. ಮಳೆ ಬಂದದ್ದು ಹೊಸಬನ ವರ್ಷದಲ್ಲಿ.

ಬಸ್ಸು ಹಿಡಿದು ಸುರಪುರಕ್ಕೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗ ಚಲೋ ಅದಾನ್ರಿ ಸಾಹುಕಾರ್ರೆ, ಅವಗೇನೂ ಅನಬ್ಯಾಡ್ರಿ” ಎಂದರು. ಮುಂದಿನ ಖಾತೆ ಪೂಜೆಯಲ್ಲಿ ನನ್ನ ಮಾತನ್ನು ಎಲ್ಲರೆದುರು ತಿದ್ದಿ ಹೇಳಿದೆ. ಅಂದು ಅದನ್ನು ಕೇಳಿ ನಕ್ಕಿದ್ದ ನಾಲ್ವರಲ್ಲಿ ಇಬ್ಬರು ಮಾತ್ರ ಈ ಸಲ ಬಂದಿದ್ದರು.