ಬೆರಳಿನ ಸಾಕ್ಷಿ, ಬಾಯಿಮಾತಿನ ಹಕ್ಕು

ಪರದೇಶದ ವಿಮಾನ ನಿಲ್ದಾಣದಲ್ಲಿ ಇಳಿದವರನ್ನು ಇಮಿಗ್ರೇಶನ್ ಕೌಂಟರಿನ ಅಧಿಕಾರಿ ಹಿಂದೆ ಮೊದಲು ಮಾತನಾಡಿಸುತ್ತಿದ್ದ: ಯಾರು, ಎಲ್ಲಿಂದ, ಏನು ಕೆಲಸ. ಈಗ ಅನೇಕ ಕಡೆ ಮೊದಲು ಎದುರಾಗುವುದು ಒಂದು ಗಾಜಿನ ಫಲಕ. ಬಲಗೈಯ ನಾಲ್ಕು ಬೆರಳು, ಆಮೇಲೆ ಹೆಬ್ಬೆರಳು, ಆಮೇಲೆ ಎಡಗೈ. ಅಚ್ಚು ಸರಿಯಾಗಿ ಮೂಡದಿದ್ದರೆ ಇನ್ನೊಮ್ಮೆ ಒತ್ತಬೇಕು. ಅಷ್ಟು ಹೊತ್ತೂ ಆ ಮನುಷ್ಯ ಬಾಯಿ ತೆರೆಯಬೇಕಾಗಿಯೇ ಇಲ್ಲ. ಇದನ್ನು ಸಾಲು ಬೇಗ ಕರಗಿಸುವ ಅನುಕೂಲವೆಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಇದರೊಳಗೆ ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯೊಂದಿದೆ. ಮನುಷ್ಯನ ಮಾತು ತಾನಾಗಿಯೇ ಒಂದು ಪ್ರಮಾಣವೇ, ಅಥವಾ ಬೇರೆ ಗುರುತುಗಳಿಂದ ಸಾಬೀತಾಗುವವರೆಗೆ ಅದಕ್ಕೆ ಬೆಲೆಯಿಲ್ಲವೇ? ಬೌದ್ಧ ತರ್ಕಶಾಸ್ತ್ರಿ ದಿಙ್ನಾಗ ಕಣ್ಣಾರೆ ಕಾಣುವ ಪ್ರತ್ಯಕ್ಷ, ಗುರುತಿನಿಂದ ಊಹಿಸುವ ಅನುಮಾನ ಎರಡೇ ಸಾಕೆಂದು ಹೇಳಿ ಮಾತನ್ನು ಅನುಮಾನದೊಳಗೆ ಸೇರಿಸಿದ. ನ್ಯಾಯ ದರ್ಶನದ ನೈಯಾಯಿಕರು ಒಪ್ಪಲಿಲ್ಲ, ನಂಬಿಕಸ್ಥನ ಮಾತು, ಅಂದರೆ ಶಬ್ದ, ಅವರಿಗೆ ಸ್ವತಂತ್ರ ಪ್ರಮಾಣ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಪ್ತನ, ಅಂದರೆ ನಂಬಿಕಸ್ಥನ, ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಹೇಳಿದ. ಪರದೇಶದವನ ಮಾತೂ ಪ್ರಮಾಣವಾಗಬಲ್ಲದು ಎಂಬ ಈ ನಿಲುವು ಇಂದಿನ ಗಡಿಗಳಲ್ಲಿ ಸೋಲುತ್ತಿದೆ. ಅದು ಸೋಲಬಾರದು ಎಂಬುದೇ ನನ್ನ ವಾದ.

ಬೆರಳಚ್ಚು ಆಡಳಿತದೊಳಗೆ ಕಾಲಿಟ್ಟದ್ದೇ ಮಾತಿನ ಮೇಲಿನ ಅಪನಂಬಿಕೆಯಿಂದ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಸ್ತೆ ಸಾಮಗ್ರಿಯ ಕರಾರೊಂದಕ್ಕೆ ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನ ಅಂಗೈಗೆ ಕಚೇರಿ ಮೊಹರಿನ ಶಾಯಿ ಬಳಿದು ಕಾಗದದ ಹಿಂಬದಿಗೆ ಒತ್ತಿಸಿದ. ಸಹಿ ನನ್ನದಲ್ಲ ಎಂದು ಮುಂದೆ ತಿರುಗಿಬೀಳುವ ಯೋಚನೆಯೇ ಬಾರದಂತೆ ಹೆದರಿಸುವುದು ತನ್ನ ಉದ್ದೇಶವಾಗಿತ್ತೆಂದು ಅವನೇ ನಂತರ ಬರೆದುಕೊಂಡ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಬ್ಯೂರೊ ತೆರೆಯಿತು. ಅಲ್ಲಿನ ವರ್ಗೀಕರಣದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ದುಡಿಮೆಯಿದ್ದರೂ ಅದಕ್ಕೆ ಅಂಟಿಕೊಂಡದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು. 1901ರಲ್ಲಿ ಅದು ಸ್ಕಾಟ್ಲೆಂಡ್ ಯಾರ್ಡಿಗೆ ಹೋಯಿತು. ವಸಾಹತಿನ ಪ್ರಜೆಗಳ ಮೇಲೆ ಪಳಗಿದ ವಿದ್ಯೆ ಹೀಗೆ ಜಗತ್ತಿಗೆ ಹಬ್ಬಿತು.

ಇದರ ನೈತಿಕ ಪ್ರಶ್ನೆಯನ್ನು ಎಲ್ಲರಿಗಿಂತ ಆಳವಾಗಿ ಕೆದಕಿದವರು ಗಾಂಧೀಜಿ. 1906ರಲ್ಲಿ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್ ಸರ್ಕಾರ, ಎಂಟು ವರ್ಷ ದಾಟಿದ ಪ್ರತಿಯೊಬ್ಬ ಏಷ್ಯನ್ನನೂ ನೋಂದಣಿಯಾಗಿ ಬೆರಳಚ್ಚು ಕೊಡಬೇಕು, ಕೇಳಿದಾಗ ಪೊಲೀಸರಿಗೆ ಪ್ರಮಾಣಪತ್ರ ತೋರಿಸಬೇಕು ಎಂಬ ಸುಗ್ರೀವಾಜ್ಞೆಯ ಕರಡು ಹೊರಡಿಸಿತು. ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಇದಕ್ಕೆ ಮಣಿಯುವುದಿಲ್ಲವೆಂದು ಭಾರತೀಯರು ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡಿದರು. ಸತ್ಯಾಗ್ರಹ ಹುಟ್ಟಿದ್ದು ಅಲ್ಲಿ. ಆದರೆ 1908ರ ಜನವರಿಯಲ್ಲಿ ಜನರಲ್ ಸ್ಮಟ್ಸ್ ಜೊತೆ ಒಪ್ಪಂದವಾದಾಗ ಅದೇ ಗಾಂಧೀಜಿ ಸ್ವಇಚ್ಛೆಯಿಂದ ನೋಂದಣಿಗೆ ಒಪ್ಪಿದರು. ಓದು ಬರಹ ಬಲ್ಲವರಿಗೆ ಬೆರಳಚ್ಚಿನಿಂದ ವಿನಾಯಿತಿ ಸಿಗುವಂತಿದ್ದರೂ ತಾವು ಹತ್ತೂ ಬೆರಳು ಕೊಡುವುದಾಗಿ ಹೇಳಿದರು. ಇದನ್ನು ದ್ರೋಹವೆಂದು ಬಗೆದ ಮೀರ್ ಆಲಂ ಎಂಬ ಪಠಾಣ ಮತ್ತು ಅವನ ಸಂಗಡಿಗರು ಫೆಬ್ರವರಿ 10ರಂದು ನೋಂದಣಿ ಕಚೇರಿಗೆ ಹೊರಟಿದ್ದ ಅವರನ್ನು ರಸ್ತೆಯಲ್ಲೇ ಹೊಡೆದು ಕೆಡವಿದರು. ಪ್ರಜ್ಞೆ ಮರಳಿ, ಪಾದ್ರಿ ಜೋಸೆಫ್ ಡೋಕ್ ಅವರ ಮನೆಯಲ್ಲಿ ಮಲಗಿದ್ದಾಗ ಗಾಂಧೀಜಿ ಮಾಡಿದ ಕೆಲಸ ನೋಡಿ: ನೋಂದಣಾಧಿಕಾರಿ ಚಾಮ್ನಿಯನ್ನು ಕಾಗದ ಪತ್ರ ತರುವಂತೆ ಕೇಳಿ, ಆ ನೋವಿನಲ್ಲೇ ಬೆರಳಚ್ಚು ಕೊಟ್ಟರು. ಚಾಮ್ನಿಯ ಕಣ್ಣಲ್ಲಿ ನೀರು ಬಂತೆಂದು ಅವರು ದಾಖಲಿಸಿದ್ದಾರೆ. ನೋಂದಣಿಯ ಕಾಯ್ದೆ ರದ್ದಾಗಲಿಲ್ಲ, ಸ್ಮಟ್ಸ್ ಕೊಟ್ಟ ಮಾತು ಮುರಿಯಿತು ಎಂದು ಖಚಿತವಾದ ಮೇಲೆ, ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಬಳಿ ದೊಡ್ಡ ಕಡಾಯಿಯಲ್ಲಿ ಸೀಮೆಎಣ್ಣೆ ಸುರಿದು ಪ್ರಮಾಣಪತ್ರಗಳನ್ನು ಸುಟ್ಟರು.

ಒಂದೇ ಬೆರಳು, ಒಂದೇ ಶಾಯಿ. 1906ರಲ್ಲಿ ಅವಮಾನ, 1908ರಲ್ಲಿ ಸೌಜನ್ಯ. ಇದು ಅಸಂಗತ ಎಂದು ಆಗಲೂ ಟೀಕಿಸಿದರು. ನನಗೆ ಇದರಲ್ಲಿ ಸ್ಪಷ್ಟ ತರ್ಕ ಕಾಣುತ್ತದೆ. ಮೊದಲನೆಯದರಲ್ಲಿ ಸರ್ಕಾರ ಭಾರತೀಯನ ಮಾತನ್ನು ಸುಳ್ಳೆಂದು ಮೊದಲೇ ತೀರ್ಮಾನಿಸಿ ಅವನ ದೇಹವನ್ನು ಅವನ ವಿರುದ್ಧ ಸಾಕ್ಷಿಗೆ ಕರೆದಿತ್ತು. ಎರಡನೆಯದರಲ್ಲಿ ಅವನ ಮಾತು ಮೊದಲು ಬಂತು, ಬೆರಳು ಅದರ ಬೆಂಬಲಕ್ಕೆ ನಿಂತಿತು. ಅಂದರೆ ಬೆರಳಚ್ಚು ತನ್ನಷ್ಟಕ್ಕೆ ಪಾಪವಲ್ಲ. ಅದು ಮಾತಿನ ಜಾಗವನ್ನು ಆಕ್ರಮಿಸಿದಾಗ ಅನ್ಯಾಯ ಶುರುವಾಗುತ್ತದೆ.

ಬೆರಳಾದರೂ ಏನನ್ನು ಸಾಬೀತು ಮಾಡುತ್ತದೆ? ಹಿಂದೊಮ್ಮೆ ದಾಖಲಾದ ಚರ್ಮ ಇದೇ ಎಂಬುದನ್ನು ಮಾತ್ರ. ಆ ದಾಖಲೆಯ ಪಕ್ಕದಲ್ಲಿ ಬರೆದದ್ದು ನಿಜವೇ ಎಂದು ಅದು ಹೇಳಲಾರದು. ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಸಂಯುಕ್ತ ಅರಬ್ ಸಂಸ್ಥಾನ ಗಡಿಪಾರಾದವರು ಬೇರೆ ಹೆಸರಿನಲ್ಲಿ ಮರಳುವುದನ್ನು ತಡೆಯಲು 2000ರ ದಶಕದ ಆರಂಭದಲ್ಲೇ ಕಣ್ಣಿನ ಪಾಪೆಯ ಸ್ಕ್ಯಾನ್ ತಂದಿತು. ಸಂಬಳ ಕೊಡದ ಮಾಲೀಕನನ್ನು ಬಿಟ್ಟುಬಂದ ಕೆಲಸಗಾರನ ಮೇಲೆ ಅದೇ ಮಾಲೀಕ ‘ಪರಾರಿ’ ಎಂದು ದೂರು ಕೊಟ್ಟಿದ್ದರೆ, ಕಣ್ಣು ಕರಾರುವಾಕ್ಕಾಗಿ ತಾಳೆಯಾಗುತ್ತದೆ; ಕಥೆ ಮಾತ್ರ ಮಾಲೀಕನದು. ತಾಳೆಯೇ ತಪ್ಪುವುದೂ ಉಂಟು. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಚೀಲವೊಂದರ ಮೇಲೆ ಸಿಕ್ಕ ಬೆರಳಚ್ಚು ಒರೆಗಾನ್‌ನ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಅವರದೇ ಎಂದು ಎಫ್‌ಬಿಐ ಪರಿಣತರು ಒಮ್ಮತದಿಂದ ಹೇಳಿದರು. ಮೇಫೀಲ್ಡ್ ಇಸ್ಲಾಮಿಗೆ ಮತಾಂತರವಾಗಿದ್ದರು. ಸ್ಪೇನಿನ ಪೊಲೀಸರು ಇದನ್ನು ಒಪ್ಪಿರಲಿಲ್ಲ. ಅಚ್ಚು ಅಲ್ಜೀರಿಯದ ಇನ್ನೊಬ್ಬನದೆಂದು ಗುರುತಿಸಿದರು. ಎರಡು ವಾರ ಸೆರೆಯಲ್ಲಿದ್ದ ಮೇಫೀಲ್ಡ್ ಅವರಿಗೆ 2006ರಲ್ಲಿ ಕ್ಷಮಾಪಣೆಯ ಜೊತೆ 20 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಬೆಟ್ಟದ ಮೇಲಿನ ಮಂಜನ್ನು ಹೊಗೆಯೆಂದು ಕಂಡು ಬೆಂಕಿಯಿದೆ ಎಂದು ಕೂಗುವವನ ಬಗ್ಗೆ ನಮ್ಮ ತಾರ್ಕಿಕರು ಎಚ್ಚರಿಸಿದ್ದು ಇಂಥ ಸಂದರ್ಭಕ್ಕೇ.

ಚರ್ಮವೂ ಎಲ್ಲರಿಗೂ ಸಮಾನವಾಗಿ ಸಾಕ್ಷಿ ನುಡಿಯುವುದಿಲ್ಲ. ಬೆರಳ ಗೆರೆಗಳು ತಾಯ ಗರ್ಭದಲ್ಲೇ ಮೂಡುತ್ತವೆ, ಅವಳಿಗಳಲ್ಲೂ ಬೇರೆ ಬೇರೆ, ನಿಜ. ಆದರೆ ಸಿಮೆಂಟು ಕಲಸುವ, ಇಟ್ಟಿಗೆ ಹೊರುವ ಕೈಯಲ್ಲಿ ಅವು ಸವೆಯುತ್ತವೆ. ನಮ್ಮ ನ್ಯಾಯಬೆಲೆ ಅಂಗಡಿಗಳ ಮುಂದೆ ಹೆಬ್ಬೆಟ್ಟು ಒರೆಸಿ ಒರೆಸಿ ಒತ್ತುವ ಮುದುಕಿಯರಿಗೆ ಇದು ಗೊತ್ತು. ಕ್ಯಾನ್ಸರಿಗೆ ಕೊಡುವ ಕೇಪ್‌ಸೈಟಬೀನ್ ಎಂಬ ಔಷಧಿ ಬೆರಳ ತುದಿಯ ಚರ್ಮ ಸುಲಿಸಬಹುದು. ಅದನ್ನು ಸೇವಿಸುತ್ತಿದ್ದ ಸಿಂಗಾಪುರದ ರೋಗಿಯೊಬ್ಬರನ್ನು ಅಮೆರಿಕದ ಅಧಿಕಾರಿಗಳು ತಾಸುಗಟ್ಟಲೆ ತಡೆದ ಸಂಗತಿ 2009ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹುಟ್ಟಿನಿಂದಲೇ ಬೆರಳ ಗೆರೆಗಳಿಲ್ಲದ ಅಪರೂಪದ ಸ್ಥಿತಿಯೊಂದಕ್ಕೆ ವೈದ್ಯರು ‘ಇಮಿಗ್ರೇಶನ್ ವಿಳಂಬದ ಕಾಯಿಲೆ’ ಎಂದೇ ಹೆಸರಿಟ್ಟರು. ಎಲ್ಲಕ್ಕಿಂತ ದಾರುಣವಾದದ್ದು ಯೂರೋಪಿನ ಕಥೆ. 2003ರಿಂದ ಯೂರೋಡ್ಯಾಕ್ ಎಂಬ ದತ್ತಾಂಶ ಕೋಶದಲ್ಲಿ ಆಶ್ರಯ ಬೇಡುವವರ ಬೆರಳಚ್ಚು ಸಂಗ್ರಹವಾಗುತ್ತಿದೆ. ಮೊದಲು ಕಾಲಿಟ್ಟು ಬೆರಳಚ್ಚು ಕೊಟ್ಟ ದೇಶಕ್ಕೇ ಮರಳಿ ಅಟ್ಟುತ್ತಾರೆಂದು ಹೆದರಿ, ಫ್ರಾನ್ಸಿನ ಕ್ಯಾಲೆ ಬಂದರಿನಲ್ಲಿ ನಿರಾಶ್ರಿತರು ಕಾದ ಕಬ್ಬಿಣಕ್ಕೆ ತಮ್ಮ ಬೆರಳುಗಳನ್ನೇ ಒತ್ತಿ ಸುಟ್ಟುಕೊಂಡರು. ಯೂರೋಡ್ಯಾಕ್‌ನಲ್ಲಿ 14 ಇದ್ದ ವಯಸ್ಸಿನ ಮಿತಿಯನ್ನು 2024ರ ನಿಯಮ 6ಕ್ಕೆ ಇಳಿಸಿತು. ಟ್ರಾನ್ಸ್‌ವಾಲ್ ಕೂಡ ಎಂಟಕ್ಕೆ ನಿಂತಿತ್ತು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ಗೌರವದಿಂದಲೇ ಕೇಳಬೇಕು. ಮಾತನ್ನು ನಂಬುವ ಕಾಲದಲ್ಲಿ ಯಾರ ಮಾತಿಗೆ ಬೆಲೆಯಿತ್ತು? ಬಿಳಿಯನದು, ಸಿರಿವಂತನದು, ಇಂಗ್ಲಿಷ್ ಬಲ್ಲವನದು. ಅಧಿಕಾರಿಯ ಪೂರ್ವಗ್ರಹಕ್ಕಿಂತ ಯಂತ್ರ ಮೇಲಲ್ಲವೇ? ನಕಲಿ ಪಾಸ್‌ಪೋರ್ಟಿನಲ್ಲಿ ಸಾಗಿಸುವ ಹೆಣ್ಣುಮಕ್ಕಳನ್ನು ಉಳಿಸಲು, ಒಂದೇ ಹೆಸರಿನ ಅಪರಾಧಿಯೆಂದು ಹಿಡಿದ ಅಮಾಯಕನನ್ನು ಬಿಡಿಸಲು ಬೆರಳಚ್ಚು ನೆರವಾಗುವುದಿಲ್ಲವೇ? ಖಂಡಿತ ಆಗುತ್ತದೆ; ಅದಕ್ಕೇ ನಾನು ಸ್ಕ್ಯಾನರ್ ಕಿತ್ತೆಸೆಯಿರಿ ಎನ್ನುತ್ತಿಲ್ಲ. ಆದರೆ ಯಂತ್ರ ನಿಷ್ಪಕ್ಷಪಾತಿ ಎಂಬುದು ಅರ್ಧ ಸತ್ಯ. ಮುಖ ಗುರುತಿಸುವ ಅನೇಕ ತಂತ್ರಾಂಶಗಳು ಏಷ್ಯನ್ನರ, ಆಫ್ರಿಕನ್ನರ ಮುಖಗಳನ್ನು ತಪ್ಪಾಗಿ ತಾಳೆ ಮಾಡುವುದು ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚು ಎಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2019ರಲ್ಲಿ ಕಂಡುಕೊಂಡಿತು. ಪೂರ್ವಗ್ರಹವಿರುವ ಅಧಿಕಾರಿಯ ಜೊತೆ ವಾದಿಸಬಹುದು, ಅವನ ಮೇಲೆ ದೂರು ಕೊಡಬಹುದು. ‘ಸಿಸ್ಟಮ್ ಹೀಗೆ ತೋರಿಸುತ್ತಿದೆ’ ಎನ್ನುವವನ ಮುಂದೆ ವಾದಕ್ಕೆ ಎದುರಾಳಿಯೇ ಇರುವುದಿಲ್ಲ.

ಇಷ್ಟವಿಲ್ಲದವರು ಪ್ರಯಾಣ ಮಾಡದಿದ್ದರಾಯಿತು ಎನ್ನುವವರೂ ಇದ್ದಾರೆ. ಇಟಲಿಯ ಚಿಂತಕ ಜಾರ್ಜೊ ಅಗಾಂಬೆನ್ 2004ರಲ್ಲಿ ಹಾಗೇ ಮಾಡಿದರು. ಬೆರಳಚ್ಚು ಕೊಡಲೊಪ್ಪದೆ ನ್ಯೂಯಾರ್ಕಿನಲ್ಲಿ ಪಾಠ ಮಾಡುವ ಅವಕಾಶ ಬಿಟ್ಟರು. ಅವರಿಗೆ ಮರಳಲು ಮನೆಯಿತ್ತು. ಯುದ್ಧದಿಂದ ಓಡಿ ಬಂದವಳಿಗೆ, ಸಾಲ ಮಾಡಿ ವೀಸಾ ಕೊಂಡವನಿಗೆ ಆ ಆಯ್ಕೆಯಿಲ್ಲ. ಬೇಡವೆನ್ನಲು ದಾರಿಯಿಲ್ಲದ ಕಡೆ ಒಪ್ಪಿಗೆಯ ಮಾತಾಡುವುದು ಗಾಂಧೀಜಿ ಕಾಪಾಡಿದ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ.

ನಮ್ಮ ದೇಶದ ಮಾತಿಗೆ ಬರೋಣ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅದೇ ದೇಶದ 2025ರ ವಲಸೆ ಮತ್ತು ವಿದೇಶೀಯರ ಕಾಯ್ದೆ ವಿದೇಶೀಯರಿಂದ ಬಯೊಮೆಟ್ರಿಕ್ ಪಡೆಯಲು ಅಧಿಕಾರ ಕೊಡುತ್ತದೆ, ಪ್ರವೇಶದ ವಿಷಯದಲ್ಲಿ ವಲಸೆ ಅಧಿಕಾರಿಯ ತೀರ್ಮಾನವೇ ಅಂತಿಮ ಎನ್ನುತ್ತದೆ. ಪರದೇಶದಲ್ಲಿ ನಮ್ಮವರಿಗೆ ಬೇಕೆಂದು ನಾವು ಬಯಸುವ ನ್ಯಾಯ ನಮ್ಮ ಬಾಗಿಲಿಗೆ ಬಂದವರಿಗೂ ಸಲ್ಲಬೇಕು. ಯಂತ್ರ ಒಲ್ಲೆನೆಂದಾಗ ವಿದೇಶೀಯನ ಮಾತನ್ನು ಅವನ ಭಾಷೆಯಲ್ಲೇ ಕೇಳಿಸಿಕೊಳ್ಳುವ ಒಬ್ಬ ಅಧಿಕಾರಿ, ತಪ್ಪು ದಾಖಲೆಯನ್ನು ತಿದ್ದಿಸಿಕೊಳ್ಳುವ ದಾರಿ, ವಾಪಸು ಕಳಿಸುವ ಮುಂಚೆ ಒಂದು ಮೇಲ್ಮನವಿ: ಈ ಮೂರನ್ನೂ ಕಾಯ್ದೆಯಲ್ಲಿ ಬರೆಯುವಂತೆ ನಮ್ಮ ಸಂಸದರನ್ನು ನಾವು ಕೇಳಬೇಕು.